ಪೇಂಟಿನಲ್ಲಿ 22, ಪತ್ರದಲ್ಲಿ 23: ಹಾಗಾದರೆ ನನ್ನ ಪಾರ್ಕಿಂಗ್ ಜಾಗ ಯಾವುದು?

ದೀಪದಕಂಬ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಬೇಜಾರು ಮಾಡ್ಕೋಬೇಡಿ. ಜಗಳ ಒಂದೇ ಒಂದು ಅಂಕಿಯದ್ದು. ಆದರೆ ಆ ಅಂಕಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹೇಳದಿದ್ದರೆ ನಿಮಗೆ ಏನೂ ಅರ್ಥವಾಗುವುದಿಲ್ಲ.

ಅಮೆರಿಕದಲ್ಲಿ 24 ಮನೆಗಳ ಒಂದು ಕಾಂಡೋದಲ್ಲಿ, ಅಂದರೆ ಮನೆಗೊಬ್ಬ ಮಾಲೀಕರಿರುವ ಅಪಾರ್ಟ್‌ಮೆಂಟಿನಲ್ಲಿ, ಏಳು ವರ್ಷದಿಂದ ಇದ್ದೇನೆ. ಬಾಡಿಗೆ ಅಲ್ಲ, ಸ್ವಂತ ಮನೆ. ಕಟ್ಟಡದ ಹಿಂದೆ ಪಾರ್ಕಿಂಗ್. ಎದುರುಬದುರು ಎರಡು ಸಾಲು, ಸಾಲಿಗೆ 12 ಜಾಗ. ಮನೆಗೊಂದರಂತೆ ಸರಿಯಾಗಿ 24. ನೆಂಟರಿಷ್ಟರು ಬಂದರೆ ರಸ್ತೆಯಲ್ಲಿ ನಿಲ್ಲಿಸಬೇಕು. ನನ್ನದು 23. ಎರಡನೇ ಸಾಲಿನ ಕೊನೆಗೆ ಒಂದು ಮೊದಲು, ದೀಪದ ಕಂಬದ ಹತ್ತಿರ. ಕೊನೆಯದು 24, ಅದಕ್ಕೆ ಅಂಟಿಕೊಂಡೇ ಕಸದ ದೊಡ್ಡ ತೊಟ್ಟಿ.

ಕಳೆದ ಸೆಪ್ಟೆಂಬರ್‌ನಲ್ಲಿ ಬೋರ್ಡಿನವರು (ಮನೆ ಮಾಲೀಕರ ಆಡಳಿತ ಸಮಿತಿ) ಡಾಂಬರಿಗೆ ಸೀಲ್‌ಕೋಟ್ ಅನ್ನೋ ಕಪ್ಪು ಲೇಪ ಹಾಕಿಸಿದರು. ಎರಡು ದಿನ ಎಲ್ಲರ ಕಾರೂ ರಸ್ತೆಯಲ್ಲಿ. ಮೂರನೇ ದಿನ ಬಂದರೆ ನೆಲ ಹೊಸ ಸ್ಲೇಟಿನ ಹಾಗೆ ಕಪ್ಪಗಿತ್ತು, ಬಿಳಿ ಗೆರೆಗಳು ಫಳಫಳ. ನಾನು ಗೆರೆಯನ್ನೂ ನೋಡಲಿಲ್ಲ, ಅಂಕಿಯನ್ನೂ ನೋಡಲಿಲ್ಲ. ಕಂಬ ನೋಡಿದೆ, ನಿಲ್ಲಿಸಿದೆ, ಮೇಲೆ ಹೋದೆ. ಏಳು ವರ್ಷದ ಅಭ್ಯಾಸ. ಸ್ಟೀರಿಂಗ್ ತಾನಾಗೇ ತಿರುಗುತ್ತೆ.

ಏಪ್ರಿಲ್‌ವರೆಗೆ ಏನೂ ತೊಂದರೆ ಇರಲಿಲ್ಲ. ಆಮೇಲೆ, ಮಾರಾಟಕ್ಕೆ ಅಂತ ಖಾಲಿ ಬಿದ್ದಿದ್ದ ಎರಡನೇ ಮಹಡಿಯ ಮನೆಗೆ ಹೊಸಬರು ಬಂದರು. ಬಂದ ಮೂರನೇ ದಿನ ನನ್ನ ಕಾರಿನ ಗಾಜಿಗೆ ಒಂದು ಚೀಟಿ. "ದಯವಿಟ್ಟು ನನ್ನ ಜಾಗದಲ್ಲಿ ನಿಲ್ಲಿಸಬೇಡಿ. 22." ದಯವಿಟ್ಟು ಅನ್ನೋದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು. ಎರಡು ಗೆರೆ ಎಳೆದ ಮೇಲೆ ಅದರಲ್ಲಿ ದಯೆ ಎಲ್ಲಿ ಉಳಿಯಿತು ಹೇಳಿ!

ಪಾಪ, ಹೊಸಬರು, ಲೆಕ್ಕ ತಪ್ಪಿರಬೇಕು ಅಂದುಕೊಂಡೆ. ತೋರಿಸೋಣ ಅಂತ ಕಾರನ್ನು ಹಿಂದಕ್ಕೆ ತೆಗೆದೆ. ಕಾರಿನ ಹೊಟ್ಟೆಯ ಕೆಳಗೆ, ನೆಲದ ಮೇಲೆ, ಒಂದಡಿ ಎತ್ತರದ ಬಿಳಿ ಅಂಕಿ: 22. ಪಕ್ಕದಲ್ಲಿ, ತೊಟ್ಟಿಯ ಹತ್ತಿರದ ಕೊನೆಯ ಜಾಗದಲ್ಲಿ: 23. ಅಷ್ಟು ತಿಂಗಳು ಅದರ ಮೇಲೇ ಕಾರು ನಿಲ್ಲಿಸಿ ನಾನು ಒಂದು ಸಲವೂ ಕೆಳಗೆ ನೋಡಿರಲಿಲ್ಲ.

ಮ್ಯಾನೇಜ್‌ಮೆಂಟ್ ಕಂಪನಿಗೆ ಮೇಲ್ ಹಾಕಿದೆ. ಒಂದು ಸಾಲಿನ ಉತ್ತರ ಬಂತು. ನೆಲದ ಮೇಲೆ ನಿಮ್ಮ ಅಂಕಿ ಎಲ್ಲಿದೆಯೋ ಅಲ್ಲಿ ನಿಲ್ಲಿಸಿ. ಸರಿ ಅಂತ ಹೋದೆ. ಯಾರ ಹತ್ತಿರವೂ ಮುಖ ಕೆಡಿಸಿಕೊಳ್ಳೋ ಸ್ವಭಾವ ನನ್ನದಲ್ಲ. ಆದರೆ ಆ ಜಾಗದಲ್ಲಿ ಒಂದು ವಾರ ಇದ್ದು ನೋಡಿ ಗೊತ್ತಾಗುತ್ತೆ. ಜನ ತೊಟ್ಟಿಯ ಮುಚ್ಚಳ ಎತ್ತಿ ಹಿಂದಕ್ಕೆ ಬಿಡುತ್ತಾರೆ, ಅದು ಬಂದು ನನ್ನ ಕನ್ನಡಿಗೆ ತಾಗುತ್ತೆ. ವಾರಕ್ಕೆ ಎರಡು ಸಲ ಬೆಳಗಿನ ಜಾವ ಕಸದ ಲಾರಿ ಬರುತ್ತೆ. ಆ ಹೊತ್ತಿಗೆ ಕಾರು ತೆಗೆದಿರಬೇಕು, ಇಲ್ಲಾಂದರೆ ಅವನು ಹಾರ್ನ್ ಹೊಡೆದು ಇಡೀ ಕಟ್ಟಡವನ್ನು ಎಬ್ಬಿಸುತ್ತಾನೆ. ತಡೆಯಲಾರದೆ ಒಂದು ರಾತ್ರಿ ಹಳೇ ಜಾಗಕ್ಕೆ ಒಂದು ಕೋನ್ ಇಟ್ಟೆ. ಬೆಳಿಗ್ಗೆ ಅದು ತೊಟ್ಟಿಯೊಳಗಿತ್ತು. ಅದಕ್ಕೆ ಯಾರನ್ನೂ ಬೈಯುವುದಿಲ್ಲ, ನನ್ನ ಕೆಲಸವೂ ಅಷ್ಟೇ ಚೆನ್ನಾಗಿತ್ತು.

ಈಗ ಕಥೆಯ ತಿರುವು. ಮೇ ತಿಂಗಳಲ್ಲಿ 24ರವರು ಬಂದರು. ಚಳಿಗಾಲ ಪೂರ್ತಿ ಮಗಳ ಮನೆಯಲ್ಲಿ ಇರುತ್ತಾರೆ. ಬಂದು ಎರಡು ಸುತ್ತು ಹಾಕಿದರು. 24 ಇಲ್ಲ! ಸಾಲು 23ಕ್ಕೇ ಮುಗಿದಿದೆ. ಆಗ ಇಬ್ಬರೂ ನಿಂತು ಈ ತುದಿಯಿಂದ ಎಣಿಸಿದೆವು.

ಮೊದಲ ಜಾಗ 13 ಆಗಿತ್ತು. ಅದು ಗಾಲಿಕುರ್ಚಿ ಬಳಸುವ ಒಬ್ಬರು ಮೇಡಂ ಅವರದ್ದು. ಅವರು ಇಳಿದು ಹತ್ತಲು ಪಕ್ಕದಲ್ಲಿ ಜಾಗ ಬೇಕು ಅಂತ ಕೇಳಿದ್ದರು, ಬೋರ್ಡ್ ಒಪ್ಪಿ 5 ಅಡಿಯ ಗೆರೆಪಟ್ಟಿ ಹಾಕಿಸಿತ್ತು. ಪೇಂಟ್ ಮಾಡುವವನು ಅಲ್ಲಿ 13 ಬರೆಯುವ ಬದಲು ಗಾಲಿಕುರ್ಚಿಯ ಚಿತ್ರ ಬರೆದ. 13 ಕೈಯಲ್ಲಿ ಉಳಿಯಿತಲ್ಲ, ಅದನ್ನು ಪಕ್ಕದ ಜಾಗಕ್ಕೆ ಹಾಕಿದ. ಅಲ್ಲಿಂದ ಎಲ್ಲ ಅಂಕಿಯೂ ಒಂದೊಂದು ಜಾಗ ಮುಂದೆ ಜರುಗಿತು. ಕೊನೆಗೆ 24 ಬರೆಯಲು ಜಾಗವೇ ಉಳಿಯಲಿಲ್ಲ. 14ರಿಂದ 21ರವರೆಗಿನ ಎಂಟು ಮನೆಯವರು ಅಂಕಿ ನೋಡಿಕೊಂಡು ಒಂದೊಂದು ಜಾಗ ಆಚೆ ಹೋಗಿದ್ದಾರೆ, ಒಬ್ಬರೂ ಕಮಕ್ ಕಿಮಕ್ ಅಂದಿಲ್ಲ. ಕಂಬ ನೋಡಿಕೊಂಡು ನಿಂತಲ್ಲೇ ನಿಂತವಳು ನಾನೊಬ್ಬಳೇ. ಹೊಸ "13" ಖಾಲಿ ಇರುತ್ತೆ, ಯಾಕೆಂದರೆ 13ರ ಒಡತಿ ಚಿತ್ರ ಇರುವ ಜಾಗದಲ್ಲಿ ಇದ್ದಾರೆ. ಎಲ್ಲರೂ ಅದನ್ನು ನೆಂಟರ ಪಾರ್ಕಿಂಗ್ ಅಂದುಕೊಂಡು ಬಳಸುತ್ತಿದ್ದಾರೆ.

ಮ್ಯಾನೇಜರ್ ಈಗ ಹೇಳುವುದು: ಎಲ್ಲರಿಗೂ ಅಭ್ಯಾಸವಾಗಿದೆ, ಹೀಗೇ ಇರಲಿ, ಖಾಲಿ ಇರುವ 13ನ್ನು 24ರವರಿಗೆ ಕೊಟ್ಟರಾಯಿತು. 24ರವರಿಗೆ ಖುಷಿಯೋ ಖುಷಿ. ತೊಟ್ಟಿಯ ಪಕ್ಕದಿಂದ ಬಾಗಿಲ ಹತ್ತಿರಕ್ಕೆ ಬಂದಂತಾಯಿತಲ್ಲ. ಹನ್ನೆರಡು ಜನರಲ್ಲಿ ಹನ್ನೊಂದು ಜನಕ್ಕೆ ಸಮಾಧಾನ. ತೊಟ್ಟಿ ಮಾತ್ರ ನನಗೆ.

ನನ್ನ ಕ್ರಯಪತ್ರದಲ್ಲಿ ಮನೆ ನಂಬರಿನ ಜೊತೆಗೇ "ಪಾರ್ಕಿಂಗ್ ಪಿ-23" ಅಂತ ಇದೆ. ನೆಲದ ಮೇಲಿನ 23 ಲೆಕ್ಕಕ್ಕೆ ಬರುತ್ತಾ, ಅಥವಾ ನಾನು ಕೊಂಡಾಗ ಇದ್ದ 23 ಬರುತ್ತಾ? ಮ್ಯಾನೇಜರ್ ಹೀಗೆ ಅದಲು ಬದಲು ಮಾಡಬಹುದಾ? ಇನ್ನೊಂದು, ನಿಜ ಹೇಳಿ, ಇಷ್ಟಕ್ಕೆ ನಾನು ಜಾಸ್ತಿ ಮಾಡುತ್ತಿದ್ದೀನಾ?

ಸಿಡುಕುಸಿದ್ದ:

ಅಕ್ಕ, ಪತ್ರದಲ್ಲಿ 23 ಇದೆ ಅಂದ ಮೇಲೆ ಮಾತೇನು? ನಿಮ್ಮ ಹಳೇ ಜಾಗದಲ್ಲಿ ಯಾರು ನಿಂತರೂ ಟೋ ಮಾಡಿಸಿ. ಎರಡು ಸಲ ಎಳೆದುಕೊಂಡು ಹೋದರೆ ತಾನಾಗೇ ಬುದ್ಧಿ ಬರುತ್ತೆ. ಚೀಟಿಗೆ ಚೀಟಿ ಬರೀತಾ ಕೂತರೆ ಈ ಜನ್ಮದಲ್ಲಿ ಮುಗಿಯಲ್ಲ.

ಹಳೇಬೋರ್ಡು:

ಸಿದ್ದಣ್ಣ, ದಯವಿಟ್ಟು ಬೆಂಕಿ ಹಚ್ಚಬೇಡಿ. ಮೇಡಂ, ಟೋ ಅಂತೂ ಬೇಡವೇ ಬೇಡ. ಆ ಹೊಸಬರ ಪತ್ರದಲ್ಲಿ 22 ಇದೆ, ಅವರು ನಿಂತಿರುವ ನೆಲದ ಮೇಲೂ 22 ಇದೆ. ಅಂಥವರ ಕಾರು ಎಳೆಸಿದರೆ ನಾಳೆ ನಷ್ಟ ಕಟ್ಟಿಕೊಡಬೇಕಾದವರು ನೀವೇ ಆಗಬಹುದು. ಖಾಸಗಿ ಜಾಗದಿಂದ ಎಳೆಸುವುದಕ್ಕೆ ರಾಜ್ಯಕ್ಕೊಂದು ಕಾನೂನು ಇದೆ. ಎಚ್ಚರಿಕೆಯ ಫಲಕ ಎಲ್ಲಿರಬೇಕು, ಯಾರು ಹೇಳಿದರೆ ಎಳೆಯಬೇಕು, ಎಲ್ಲಕ್ಕೂ ನಿಯಮ. ಅಲ್ಲಿಗೆ ಹೋಗುವ ಹೊತ್ತು ಇದಲ್ಲ.

ನಾನು ಬೇರೆ ಕಾಂಡೋದ ಬೋರ್ಡಿನಲ್ಲಿ ನಾಲ್ಕು ವರ್ಷ ಇದ್ದೆ. ನಾಲ್ಕು ವರ್ಷದಲ್ಲಿ ಸೂರು ಸೋರಿದ್ದಕ್ಕೆ ಬಂದ ದೂರಿಗಿಂತ ಪಾರ್ಕಿಂಗ್ ದೂರು ಜಾಸ್ತಿ. ಆ ಅನುಭವದಿಂದ ಒಂದು ಮಾತು. ಪಾರ್ಕಿಂಗ್ ಜಗಳ ಅಂತ ಬಂದರೆ ಮೊದಲು ಕೇಳಬೇಕಾದ್ದು "ಯಾರ ಜಾಗ" ಅಂತ ಅಲ್ಲ, "ಯಾವ ಥರದ ಜಾಗ" ಅಂತ. ನೋಡೋಕೆ ಎಲ್ಲವೂ ಎರಡು ಬಿಳಿ ಗೆರೆ. ಆದರೆ ಒಳಗೆ ಮೂರು ಜಾತಿ.

ಕೆಲವು ಕಡೆ ಪಾರ್ಕಿಂಗ್ ಜಾಗವೇ ಒಂದು ಸ್ವಂತ ಆಸ್ತಿ, ಮನೆಯ ಹಾಗೆ. ಅದನ್ನು ಬೇರೆಯಾಗಿ ಮಾರಲೂಬಹುದು. ಇನ್ನು ಕೆಲವು ಕಡೆ ನೆಲ ಎಲ್ಲರದ್ದು, ಬೋರ್ಡ್ ನಿಮಗೆ ಸುಮ್ನೆ ಬಳಸಲು ಕೊಟ್ಟಿರುತ್ತೆ. ಅದನ್ನು ಬೋರ್ಡೇ ನಾಳೆ ಬದಲಿಸಬಹುದು, ನೀವು ಕೂಗಾಡಬಹುದು ಅಷ್ಟೇ. ನಡುವಿನದು ಮೂರನೆಯದು. ಅದಕ್ಕೆ ಲಿಮಿಟೆಡ್ ಕಾಮನ್ ಎಲಿಮೆಂಟ್ ಅನ್ನುತ್ತಾರೆ. ನೆಲ ಎಲ್ಲರದ್ದೇ, ಆದರೆ ಬಳಸುವ ಹಕ್ಕು ಒಂದು ಮನೆಗೆ ಮಾತ್ರ ಅಂಟಿಕೊಂಡಿರುತ್ತೆ. ಬಾಲ್ಕನಿ ಇರುತ್ತಲ್ಲ, ಹಾಗೆ. ಮನೆ ಮಾರಿದರೆ ಅದೂ ಜೊತೆಗೇ ಹೋಗುತ್ತೆ. ನಿಮ್ಮ ಪತ್ರದಲ್ಲಿ ಮನೆಯ ಜೊತೆಗೇ ಪಿ-23 ಅಂತ ಬರೆದಿದ್ದರೆ ಬಹುಶಃ ಇದೇ ಇರಬೇಕು. ಆದರೆ ನನ್ನ "ಬಹುಶಃ" ನಂಬಿ ಮೀಟಿಂಗಿಗೆ ಹೋಗಬೇಡಿ.

ಕಾಂಡೋ ಶುರುವಾದಾಗ ಬಿಲ್ಡರ್ ಡಿಕ್ಲರೇಶನ್ ಅಂತ ಒಂದು ದೊಡ್ಡ ದಾಖಲೆಯನ್ನು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ರೆಕಾರ್ಡರ್ ಆಫೀಸಿನಲ್ಲಿ ನೋಂದಾಯಿಸಿರುತ್ತಾನೆ. ಅದರ ಜೊತೆ ನಕ್ಷೆ ಇರುತ್ತೆ. ಆ ನಕ್ಷೆಯಲ್ಲಿ ಪಿ-23 ಎಲ್ಲಿದೆಯೋ ಅದೇ 23. ಪೇಂಟ್ ಮಾಡುವವನು ನೆಲದ ಮೇಲೆ ಏನು ಬರೆದರೂ ಅದು ಬರೀ ಗುರುತು. ಮನೆ ಬಾಗಿಲಿನ ನಂಬರ್ ಕಿತ್ತು ಪಕ್ಕದ ಮನೆಗೆ ಹೊಡೆದರೆ ಮನೆ ಬದಲಾಗುತ್ತಾ?

ಮ್ಯಾನೇಜರ್ ಅದಲು ಬದಲು ಮಾಡಬಹುದಾ ಅಂತ ಕೇಳಿದ್ದೀರಿ. ಮ್ಯಾನೇಜರ್ ಅಂದರೆ ಬೋರ್ಡ್ ಇಟ್ಟುಕೊಂಡ ಕೆಲಸದವರು. ಬೋರ್ಡಿಗೇ ಇಲ್ಲದ ಅಧಿಕಾರ ಅವರಿಗೆ ಎಲ್ಲಿಂದ ಬರುತ್ತೆ? ಸರ್ಕಾರದ ಕಾನೂನು ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಡಿಕ್ಲರೇಶನ್, ಅದರ ಕೆಳಗೆ ಬೈಲಾ, ಕಟ್ಟಕಡೆಗೆ ಬೋರ್ಡಿನ ನಿಯಮಗಳು. ಮೇಲಿನದಕ್ಕೆ ಅಡ್ಡ ಬಂದರೆ ಕೆಳಗಿನದು ನಿಲ್ಲುವುದಿಲ್ಲ. 1977ರಲ್ಲಿ ಯೂನಿಫಾರ್ಮ್ ಕಾಂಡೋಮಿನಿಯಂ ಆ್ಯಕ್ಟ್ ಅಂತ ಒಂದು ಮಾದರಿ ಕಾನೂನು ಬರೆದರು, 1980ರಲ್ಲಿ ತಿದ್ದಿದರು. ಪೆನ್ಸಿಲ್ವೇನಿಯಾ, ವಾಷಿಂಗ್ಟನ್ ಥರದ ಕೆಲವು ರಾಜ್ಯಗಳು ಅದನ್ನು ತಮ್ಮದಾಗಿ ಮಾಡಿಕೊಂಡವು. ಅದರಲ್ಲಿ ಸ್ಪಷ್ಟವಾಗಿದೆ. ಒಂದು ಮನೆಗೆ ಹಂಚಿದ ಲಿಮಿಟೆಡ್ ಕಾಮನ್ ಎಲಿಮೆಂಟನ್ನು ಆ ಮನೆಯವರ ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲ. ಬದಲಿಸುವುದಾದರೆ ಡಿಕ್ಲರೇಶನ್ನಿಗೇ ತಿದ್ದುಪಡಿ ಮಾಡಿ, ಸಂಬಂಧಪಟ್ಟವರು ಸಹಿ ಹಾಕಿ, ನೋಂದಾಯಿಸಬೇಕು. ಕ್ಯಾಲಿಫೋರ್ನಿಯಾ, ಫ್ಲೋರಿಡಾ, ನ್ಯೂಯಾರ್ಕ್‌ಗೆ ಅವುಗಳದ್ದೇ ಬೇರೆ ಕಾನೂನುಗಳಿವೆ. ನಿಮ್ಮ ರಾಜ್ಯದ್ದು ಯಾವುದು ಅಂತ ನೋಡಿಕೊಳ್ಳಿ.

ನಿಮ್ಮ ಮ್ಯಾನೇಜರ್ "ಹೀಗೇ ಇರಲಿ" ಅನ್ನುವುದು ಸುಲಭದ ದಾರಿ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿ. ಸರಿಯಾಗಿ ಮಾಡಬೇಕೆಂದರೆ ಇಡೀ ಸಾಲಿನವರ ಸಹಿ, ವಕೀಲರು, ನೋಂದಣಿ. ಕೆಲವು ಡಿಕ್ಲರೇಶನ್‌ಗಳಲ್ಲಿ ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆಯೂ ಬೇಕು. ಅದರ ಬದಲು ಹನ್ನೊಂದು ಅಂಕಿ ಅಳಿಸಿ ಮತ್ತೆ ಬರೆಯುವುದು ಒಂದು ಬೆಳಗಿನ ಕೆಲಸ.

ಜಾಸ್ತಿ ಮಾಡುತ್ತಿದ್ದೀರಾ? ಕೋನ್ ಇಟ್ಟಿದ್ದು ಜಾಸ್ತಿ. ಉಳಿದದ್ದು ಅಲ್ಲ. ಆದರೆ ಸುಮ್ನೆ ಇರಬೇಡಿ. ತೊಟ್ಟಿ ಪಕ್ಕದ ಜಾಗದಲ್ಲಿ ನಿಲ್ಲಿಸುತ್ತಿರುವುದು ತಾತ್ಕಾಲಿಕ, ಹಕ್ಕು ಬಿಟ್ಟುಕೊಟ್ಟಿಲ್ಲ ಅಂತ ಬೋರ್ಡಿಗೆ ಇವತ್ತೇ ಬರೆದು ಹಾಕಿ. ಮಾತಲ್ಲಿ ಅಲ್ಲ, ಬರಹದಲ್ಲಿ. ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದರೆ ಅವರೂ ಒಪ್ಪಿದ್ದರು ಅನ್ನೋ ವಾದ ಹುಟ್ಟುತ್ತೆ.

ದೀಪದಕಂಬ:

ಹಳೇಬೋರ್ಡು ಸರ್, ತುಂಬಾ ಥ್ಯಾಂಕ್ಸ್. ಬರೆದು ಹಾಕಿದೆ. ಕೌಂಟಿಯ ವೆಬ್‌ಸೈಟಿನಲ್ಲೇ ಡಿಕ್ಲರೇಶನ್ ಸಿಕ್ಕಿತು. ನಾನು ಮನೆ ಕೊಳ್ಳುವಾಗ ಇದೇ ಕಾಗದಗಳ ಕಟ್ಟು ಕೊಟ್ಟಿದ್ದರು. ಓದದೆ ಸಹಿ ಹಾಕಿದ್ದೆ. ಓದಿದವರು ಯಾರಾದರೂ ಇದ್ದರೆ ಕೈ ಎತ್ತಿ!

ನೀವು ಹೇಳಿದ ಮೂರನೇ ಜಾತಿಯೇ. ಕೊನೆಯಲ್ಲಿ ಒಂದು ಪಟ್ಟಿ ಇದೆ, ಯಾವ ಮನೆಗೆ ಯಾವ ಪಿ ನಂಬರ್ ಅಂತ. ನಕ್ಷೆಯ ಹಾಳೆಯಲ್ಲಿ ಎರಡನೇ ಸಾಲು ಪಿ-13ರಿಂದ ಪಿ-24. ಒಂದೊಂದೂ 9 ಅಡಿ, ಒಟ್ಟು 108 ಅಡಿ. ಪಿ-23 ಹನ್ನೊಂದನೆಯದು. ನಕ್ಷೆಯಲ್ಲಿ ದೀಪದ ಕಂಬಕ್ಕೂ ಒಂದು ಪುಟ್ಟ ಸೊನ್ನೆ ಹಾಕಿದ್ದಾರೆ, 23 ಮತ್ತು 24ರ ನಡುವಿನ ಗೆರೆಯ ತುದಿಯಲ್ಲಿ. ಅದನ್ನು ನೋಡಿ ಎಷ್ಟು ಸಮಾಧಾನ ಆಯಿತು ಅಂದರೆ, ಹಳೇ ಗೆಳತಿ ಸಾಕ್ಷಿ ಹೇಳಲು ಬಂದ ಹಾಗೆ.

ಇನ್ನೊಂದು ಸಿಕ್ಕಿತು, ಇದು ಕಾಗದದಲ್ಲಿ ಅಲ್ಲ. ಪ್ರತಿ ಜಾಗದ ಮುಂದೆ ಚಕ್ರ ತಡೆಯಲು ಒಂದು ಕಾಂಕ್ರೀಟ್ ದಿಂಡು ಇರುತ್ತಲ್ಲ. ಸೀಲ್‌ಕೋಟ್ ಹಾಕುವಾಗ ಅವನ್ನೆಲ್ಲ ಕಿತ್ತು, ಹಳದಿ ಬಳಿದು, ವಾಪಸ್ ಮೊಳೆ ಹೊಡೆದಿದ್ದಾರೆ. ನಿನ್ನೆ ಸಂಜೆ ನನ್ನ ಹಳೇ ಜಾಗ ಖಾಲಿ ಇತ್ತು. ಹೋಗಿ ದಿಂಡಿನ ಹಿಂದೆ ಮಂಡಿಯೂರಿ ಫೋನಿನ ಬೆಳಕು ಬಿಟ್ಟೆ. ಮುಂದೆಲ್ಲ ಹೊಸ ಹಳದಿ. ಹುಲ್ಲಿನ ಕಡೆಗಿರುವ ಹಿಂಬದಿಗೆ ಸ್ಪ್ರೇ ಸರಿಯಾಗಿ ತಾಗಿಲ್ಲ. ಎಲೆ, ಮಣ್ಣು ಕೆರೆದರೆ ಹಳೇ ಕಪ್ಪು ಅಕ್ಷರದಲ್ಲಿ 2 ಪೂರ್ತಿ, ಪಕ್ಕದಲ್ಲಿ 3ರ ಮೇಲಿನ ಹೊಟ್ಟೆ. ಫೋಟೋ ತೆಗೆದೆ.

ಆಗಲೇ ಹೊಸಬರು ಬಂದರು. ನಾನು ಅವರ ಜಾಗದಲ್ಲಿ ನೆಲಕ್ಕೆ ಮುಖ ಮಾಡಿ ಮಲಗಿದ್ದೇನೆ! ಏನು ಅಂತ ಕೇಳಿದರು. ತೋರಿಸಿದೆ. ಅವರೂ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದರೆ ನನ್ನದು ಎಲ್ಲಿ?" ಅಂದರು. ಎಡಗಡೆಯದು ತೋರಿಸಿದೆ. "ಅದೂ ಇದೂ ಒಂದೇ ಥರ ಇದೆಯಲ್ಲ" ಅಂದು ಒಳಗೆ ಹೋದರು. ನಿಜ ಹೇಳಬೇಕೆಂದರೆ ಈ ಮನುಷ್ಯನ ಮೇಲೆ ಎರಡು ತಿಂಗಳು ಸುಮ್ನೆ ಕೋಪ ಇಟ್ಟುಕೊಂಡಿದ್ದೆ. ಅವರು ಓದಿದ್ದು ನೆಲದ ಮೇಲಿದ್ದ ಅಂಕಿ, ಅಷ್ಟೇ.

ಟೇಪು ಹಿಡಿದು ಅಳೆದೆ ಕೂಡ. ಈಗಿನ ಜಾಗಗಳು 9 ಅಡಿ ಇಲ್ಲ. 8 ಅಡಿ ಆರೂವರೆ ಇಂಚು. ಗೆರೆಪಟ್ಟಿಯ 5 ಅಡಿಯನ್ನು ಉಳಿದ ಹನ್ನೊಂದು ಜಾಗದಿಂದ ಐದೈದೂವರೆ ಇಂಚು ಹರಿದು ಹೊಂದಿಸಿದ್ದಾರೆ.

ಲೆಕ್ಕಿಗ:

ಮೇಡಂ, ಹಾಗಾದರೆ ಎಲ್ಲದರ ಮೂಲ ಆ 5 ಅಡಿ ಪಟ್ಟಿಯೇ ಅಲ್ವಾ? ಒಬ್ಬರಿಗೋಸ್ಕರ ಹನ್ನೊಂದು ಜನರ ಜಾಗ ಕಿರಿದಾಗಿದೆ. ನಕ್ಷೆಯಲ್ಲಿ ಪಟ್ಟಿ ಇಲ್ಲ. ನಕ್ಷೆಯೇ ಅಂತಿಮ ಅಂದರೆ ಪಟ್ಟಿ ತೆಗೆಸಿ, 9 ಅಡಿ ಗೆರೆ ಎಳೆಸಿದರೆ ಅಂಕಿಯೂ ಸರಿ, ಅಗಲವೂ ಸರಿ.

ನಾಲ್ಕುಗಾಲಿ:

ಲೆಕ್ಕಿಗ ಸರ್, ಲೆಕ್ಕ ಸರಿ ಇದೆ, ಆದರೆ ಒಂದು ಲೆಕ್ಕ ಬಿಟ್ಟುಹೋಗಿದೆ. ನನ್ನ ಹೆಂಡತಿ ಆರು ವರ್ಷದಿಂದ ಗಾಲಿಕುರ್ಚಿಯಲ್ಲಿ ಇದ್ದಾಳೆ. ಕಾರಿನ ಬಾಗಿಲನ್ನು ಪೂರ್ತಿ ತೆಗೆಯಬೇಕು, ಕುರ್ಚಿಯನ್ನು ಪಕ್ಕಕ್ಕೆ ತಂದು ಓರೆಯಾಗಿ ನಿಲ್ಲಿಸಬೇಕು, ಬ್ರೇಕ್ ಹಾಕಬೇಕು, ಆಮೇಲೆ ಅವಳು ಕೈಯೂರಿ ಜರುಗಬೇಕು. ಪಕ್ಕದವರು ಗೆರೆಗೆ ಒತ್ತಿ ನಿಲ್ಲಿಸಿದ ದಿನ ನಾವು ಕಾರಿನ ಪಕ್ಕ ನಿಂತು ಅವರಿಗೆ ಕಾದಿದ್ದೇವೆ. ಒಮ್ಮೆ ನಲವತ್ತು ನಿಮಿಷ. ಪಟ್ಟಿ ಇಲ್ಲದಿದ್ದರೆ ಆ ಜಾಗ ಅವಳಿಗೆ ಬರೀ ಅಂಕಿ.

ಇದು ದಯೆ ದಾಕ್ಷಿಣ್ಯದ ಮಾತೂ ಅಲ್ಲ. ವಸತಿಯಲ್ಲಿ ಭೇದಭಾವ ಮಾಡಬಾರದು ಅನ್ನೋ ಫೇರ್ ಹೌಸಿಂಗ್ ಆ್ಯಕ್ಟ್ 1968ರದ್ದು, 1988ರ ತಿದ್ದುಪಡಿಯಲ್ಲಿ ಅಂಗವಿಕಲರನ್ನೂ ಸೇರಿಸಿದರು. ಕಾಂಡೋ ಬೋರ್ಡಿಗೂ ಅದು ಅನ್ವಯಿಸುತ್ತೆ. ನ್ಯಾಯವಾದ ಮಟ್ಟಿಗೆ ನಿಯಮ ಸಡಿಲಿಸಿ ಅನುಕೂಲ ಮಾಡಿಕೊಡಬೇಕು. ಆ ಕಾನೂನಿನ ಕೆಳಗೆ ಸರ್ಕಾರ ಬರೆದ ನಿಯಮಗಳಲ್ಲಿ ಕೊಟ್ಟಿರುವ ಉದಾಹರಣೆಯೇ ಪಾರ್ಕಿಂಗ್‌ನದ್ದು! 300 ಮನೆ, 450 ಜಾಗ, ಮೊದಲು ಬಂದವರಿಗೆ ಮೊದಲು. ನಡೆಯಲು ಕಷ್ಟ ಇರುವ ಒಬ್ಬರು ಮನೆ ಹತ್ತಿರ ಒಂದು ಜಾಗ ಕಾಯ್ದಿಡಿ ಅಂತ ಕೇಳುತ್ತಾರೆ. ಅದನ್ನು ಕೊಡಲೇಬೇಕು, ಕೊಡದಿರುವುದು ಕಾನೂನಿಗೆ ವಿರುದ್ಧ ಅಂತ ಅಲ್ಲೇ ಬರೆದಿದೆ. 1995ರಲ್ಲಿ ಬ್ರೂಕ್ಲಿನ್‌ನ ಕ್ಯಾಡ್‌ಮನ್ ಟವರ್ಸ್ ಅನ್ನೋ ಸಹಕಾರಿ ವಸತಿಯ ಮೊಕದ್ದಮೆಯಲ್ಲೂ ಹೀಗೇ ಆಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ ಇದ್ದ ಒಬ್ಬರಿಗೆ, ಕಾಯುವವರ ಪಟ್ಟಿಯಲ್ಲಿ ಸರದಿ ಬರಲಿ ಅಂದಿದ್ದರು. ಫೆಡರಲ್ ಮೇಲ್ಮನವಿ ಕೋರ್ಟು ಆ ಮಹಿಳೆಯ ಪರ ನಿಂತಿತು.

ಸಾರ್ವಜನಿಕ ಜಾಗಗಳಲ್ಲಿ ಅಂಥ ಪಟ್ಟಿ ಕಡಿಮೆಯೆಂದರೆ 60 ಇಂಚು ಇರಬೇಕು ಅಂತ ಎಡಿಎ (ಅಂಗವಿಕಲರ ಹಕ್ಕಿನ ಫೆಡರಲ್ ಕಾನೂನು) ಅಳತೆ ಹೇಳುತ್ತೆ. ನಿಮ್ಮ 5 ಅಡಿ ಅದೇ. ಯಾರೋ ತಿಳಿದವರೇ ಹಾಕಿಸಿದ್ದಾರೆ. ತಪ್ಪು ಆಗಿದ್ದು ಪಟ್ಟಿಯಲ್ಲಲ್ಲ. ಚಿತ್ರದ ಜೊತೆಗೆ 13 ಅಂತಲೂ ಬರೆದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ದೀಪದಕಂಬ ಅಕ್ಕ, ಮೀಟಿಂಗಿನಲ್ಲಿ ಮಾತು ಆ ಕಡೆ ತಿರುಗದ ಹಾಗೆ ನೋಡಿಕೊಳ್ಳಿ. ತಿರುಗುತ್ತೆ, ಬರೆದಿಟ್ಟುಕೊಳ್ಳಿ. ಎಲ್ಲರಿಗೂ ಬೈಯಲು ಒಬ್ಬರು ಬೇಕು, ಅವರು ಯಾವಾಗಲೂ ಇಂಥವರೇ ಆಗಿರುತ್ತಾರೆ.

ಲೆಕ್ಕಿಗ:

ಒಪ್ಪಿದೆ ಸರ್. ಅಳತೆ ನೋಡಿದೆ, ಮನುಷ್ಯರನ್ನು ನೋಡಲಿಲ್ಲ. ಕ್ಷಮೆ ಇರಲಿ. ಆದರೂ ಆ ಐದೂವರೆ ಇಂಚಿನ ಪ್ರಶ್ನೆ ಹಾಗೇ ಉಳಿಯುತ್ತೆ. ದೊಡ್ಡ ಪಿಕಪ್ಪುಗಳು ಕನ್ನಡಿ ಬಿಟ್ಟೇ 80 ಇಂಚಿನ ಹತ್ತಿರ ಇರುತ್ತವೆ. ಆರೂವರೆ ಇಂಚಿನ ಜಾಗದಲ್ಲಿ ಪಕ್ಕಪಕ್ಕ ಎರಡು ನಿಂತರೆ ಬಾಗಿಲು ತೆಗೆಯೋಕೆ ಹೊಟ್ಟೆ ಒಳಗೆಳೆದುಕೊಳ್ಳಬೇಕು.

(8 ಅಡಿ ಆರೂವರೆ ಇಂಚು ಅಂತ ಓದಿಕೊಳ್ಳಿ. ಲೆಕ್ಕಿಗನೇ ಲೆಕ್ಕ ತಪ್ಪಿದ.)

ಕೊನೆಜಾಗ:

ಎಲ್ಲರೂ ದೀಪದಕಂಬ ಮೇಡಂ ಕಡೆ ಮಾತಾಡಿದ್ದೀರಿ. ನಾನು ಆ 24ರವರ ಕಡೆ. ನಮ್ಮಲ್ಲೂ ತೊಟ್ಟಿ ಪಕ್ಕದ ಜಾಗ ನನ್ನದೇ, ಒಂಬತ್ತು ವರ್ಷದಿಂದ. ಕಾನೂನು ನಿಮ್ಮ ಕಡೆ ಇರಬಹುದು. ಆದರೆ ತೊಟ್ಟಿ ಅಲ್ಲೇ ಇರುತ್ತಲ್ಲ? ನೀವು ಗೆದ್ದರೆ ಅದು ಮತ್ತೆ ಅವರ ಪಾಲಿಗೆ. ಗೆದ್ದು ಬಂದ ಮೇಲೆ ಅವರಿಗೋಸ್ಕರವೂ ಒಂದು ಮಾತಾಡಿ. ಎರಡು ಕಬ್ಬಿಣದ ಕಂಬ ಹುಗಿದರೆ ಸಾಕು, ಮುಚ್ಚಳ ಕಾರಿಗೆ ಬಡಿಯಲ್ಲ. ನಮ್ಮ ಬೋರ್ಡಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ದೀಪದಕಂಬ:

ಗುರುವಾರ ಮೀಟಿಂಗ್ ಆಯಿತು. ಏನಾಯಿತು ಅಂತ ಕೆಲವರು ಕೇಳಿದ್ದೀರಿ, ಹೇಳುತ್ತೇನೆ.

ಒಂಬತ್ತು ಮನೆಯವರು ಬಂದಿದ್ದರು. ನಾಲ್ಕುಗಾಲಿ ಸರ್ ಹೇಳಿದ್ದು ಅಕ್ಷರಶಃ ನಿಜ. ಐದು ನಿಮಿಷ ಆಗಿರಲಿಲ್ಲ, 18ರವರು "ಇದೆಲ್ಲ ಆ ಪಟ್ಟಿಯಿಂದ ಆಗಿದ್ದು" ಅಂತ ಶುರು ಮಾಡಿದರು. 13ರ ಮೇಡಂ ಮುಂದೆಯೇ ಕೂತಿದ್ದರು. ನಾನು ಏನಾದರೂ ಹೇಳುವ ಮೊದಲೇ ಅವರು ತಿರುಗಿ, "ನನಗೆ ಎರಡು ಜಾಗ ಕೊಟ್ಟಿದ್ದೀರಿ ಅಂತ ನನಗೇ ಗೊತ್ತಿರಲಿಲ್ಲ. ನಿಮ್ಮ ತಮ್ಮ ಪ್ರತಿ ಭಾನುವಾರ ನನ್ನ 13ರಲ್ಲಿ ನಿಲ್ಲಿಸುತ್ತಾರಲ್ಲ, ನಾನು ಕೇಳಿದೆನಾ?" ಅಂದರು. 18ರವರು ಆಮೇಲೆ ಪಟ್ಟಿಯ ಸುದ್ದಿ ಎತ್ತಲಿಲ್ಲ.

ನಕ್ಷೆಯ ಪ್ರತಿ ಮೇಜಿನ ಮೇಲೆ ಹಾಸಿದೆ. ದಿಂಡಿನ ಫೋಟೋ ಫೋನಿನಲ್ಲಿ ತೋರಿಸಿದೆ. ಹಳೇಬೋರ್ಡು ಸರ್, ನಿಮ್ಮ ಬಾಗಿಲ ನಂಬರಿನ ಮಾತನ್ನು ಹಾಗೇ ಕದ್ದು ಹೇಳಿದೆ, ಚೆನ್ನಾಗಿ ಕೆಲಸ ಮಾಡಿತು. ಮ್ಯಾನೇಜರ್ "ಅಭ್ಯಾಸವಾಗಿದೆ" ಅಂದರು. ಬೋರ್ಡಿನ ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ: ಹೀಗೇ ಬಿಡಬೇಕಾದರೆ ಎಷ್ಟು ಜನ ಸಹಿ ಹಾಕಬೇಕು? ಇಡೀ ಸಾಲು, ನಾನೂ ಸೇರಿ ಅಂದೆ. ನೀವು ಹಾಕುತ್ತೀರಾ ಅಂದರು. ಇಲ್ಲ ಅಂದೆ. ಅಲ್ಲಿಗೆ ಮುಗಿಯಿತು. ಇಷ್ಟು ಸಣ್ಣ ಇಲ್ಲ ಹೇಳಲು ನನಗೆ ಎರಡು ತಿಂಗಳು ಬೇಕಾಯಿತು ನೋಡಿ.

ಹೊಸಬರು, ಅಂದರೆ ನಿಜವಾದ 22ರವರು, "ನನಗೆ ಒಂದು ಜಾಗ ಬೇಕು, ಅದು ಕಾಗದಕ್ಕೆ ಸರಿ ಹೊಂದಬೇಕು, ಅಷ್ಟೇ" ಅಂದರು. ಮನೆ ಮಾರುವಾಗ ತೊಂದರೆ ಆಗಬಾರದು ಅನ್ನೋದು ಅವರ ಚಿಂತೆ. ನ್ಯಾಯವೇ.

24ರವರು ಮುಖ ಸಣ್ಣ ಮಾಡಿಕೊಂಡರು. "ಜಾಗವೇ ಇಲ್ಲದ ಹಾಗೆ ಮಾಡಿದಿರಿ, ಈಗ ಕೊಟ್ಟರೆ ಮತ್ತೆ ಅದೇ ತೊಟ್ಟಿ" ಅಂದರು. ಕೊನೆಜಾಗ ಸರ್, ನಿಮ್ಮ ಮಾತು ಆಗ ನೆನಪಾಯಿತು. ಆ ವಾರದಲ್ಲಿ ನನ್ನ ಕನ್ನಡಿಗೆ ಆದ ಗೀರು ತೋರಿಸಿ, ಕಬ್ಬಿಣದ ಕಂಬ ಹಾಕಿಸಲೇಬೇಕು ಅಂತ ನಾನೇ ಕೇಳಿದೆ. ಒಪ್ಪಿದ್ದಾರೆ. ಎರಡಲ್ಲ, ಒಂದು. ಐದೂವರೆ ಇಂಚಿನ ವಿಷಯ ವಕೀಲರನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ, ಅದು ಯಾವಾಗ ಬರುತ್ತೋ ದೇವರಿಗೇ ಗೊತ್ತು. 18ರವರು ಈಗ ಅದರ ಹಿಂದೆ ಬಿದ್ದಿದ್ದಾರೆ.

ಶನಿವಾರ ಪೇಂಟಿನವನು ಬಂದ. ಗಾಲಿಕುರ್ಚಿ ಚಿತ್ರದ ಕೆಳಗೆ 13 ಬರೆದ. ಉಳಿದ ಹನ್ನೊಂದು ಅಂಕಿಯ ಮೇಲೆ ಕಪ್ಪು ಬಳಿದು ಹೊಸದು ಬರೆದ. ನನ್ನ ಜಾಗದಲ್ಲಿ ಬಿಸಿಲು ಓರೆ ಬಿದ್ದಾಗ 23ರ ಕೆಳಗೆ 22 ಈಗಲೂ ಉಬ್ಬಿ ಕಾಣುತ್ತೆ. ಪೇಂಟ್ ಒಣಗಿದ್ದೇ ತಡ ಹೋಗಿ ನಿಲ್ಲಿಸಿದೆ, ಕಂಬ ನೋಡಿಕೊಂಡು.

ಭಾನುವಾರ ಬೆಳಿಗ್ಗೆ ಗಾಜಿನ ಮೇಲೆ ಚೀಟಿ. ಅದೇ ಕೈಬರಹ. "ನಿಮ್ಮ ಎಡಗಡೆ ಚಕ್ರ ಗೆರೆ ದಾಟಿ ನನ್ನ ಕಡೆ ಬಂದಿದೆ. ಐದು ಇಂಚು. ಇಂತಿ, 22." ಟೇಪು ತಂದು ಅಳೆದೆ. ಸರಿಯಾಗಿ ಐದು. ಗೆರೆಗಳು ಜರುಗಿವೆ, ಕಂಬ ಜರುಗಿಲ್ಲವಲ್ಲ. ದಯವಿಟ್ಟು ಅಂತ ಈ ಸಲ ಬರೆದಿರಲಿಲ್ಲ. ಕೆಳಗೆ ಗೆರೆಯನ್ನೂ ಎಳೆದಿರಲಿಲ್ಲ. ಕಾರು ತೆಗೆದು ಸರಿಯಾಗಿ ನಿಲ್ಲಿಸಿ ಬಂದೆ.